ಹದಿನಾಲ್ಕನೆಯ ಸೀಸೆ

ಆ ಮಂಗಳವಾರ ಬೆಳಿಗ್ಗೆ ಓವಿದಿಯೋ ತನ್ನ ತಾಯಿಯ ಮಣಿಕಟ್ಟು ಮುರಿದ. ಒಲೆಯ ಮುಂದೆ ನಿಂತು ಮೆಕ್ಕೆಜೋಳದ ಅರೇಪಾ ರೊಟ್ಟಿ ಸುಡುತ್ತಿದ್ದ ಆನಾ ದೇಲಿಯಾಳನ್ನು ಯಾರೋ ಕಳ್ಳಿ ಎಂದುಕೊಂಡು ಹಿಂದಿನಿಂದ ಬಂದವನೇ ಬಲಗೈ ಹಿಡಿದು ತಿರುಚಿಬಿಟ್ಟ. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು.

"ಆಚೆ ನಡಿಯೇ ಕಳ್ಳಿ! ನಮ್ಮಮ್ಮ ಬಂದ್ರೆ ನಿನ್ನ ಚರ್ಮ ಸುಲೀತಾಳೆ!"

"ನಾನೇ ಕಣೋ ನಿಮ್ಮಮ್ಮ! ಬಿಡೋ!"

"ಹೋಗೇ! ನಮ್ಮಮ್ಮ ನಿನ್ನಷ್ಟು ಮುದುಕಿ ಅಲ್ಲ."

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಕಿರಿಯ ಮಗ ವಿಲ್ಮಾರ್ ದನ ಹೊಡೆಯುವ ಚರ್ಮದ ಚಾವಟಿ ಹಿಡಿದೇ ಓಡಿ ಬಂದ. ಅಣ್ಣನ ಕುತ್ತಿಗೆಪಟ್ಟಿ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋಗಿ ಬೇಲಿಯ ಗೂಟಕ್ಕೆ ಒರಗಿಸಿ ಹೊಡೆಯತೊಡಗಿದ. ಮೊದಲ ನಾಲ್ಕು ಏಟು ತಾಯಿಯ ಕೈಗಾಗಿ. ಆಮೇಲಿನವು ಯಾವುದಕ್ಕಾಗಿ ಎಂದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಓವಿದಿಯೋ ಕರುವಿನಂತೆ ಕೂಗುತ್ತಿದ್ದ. ಆನಾ ದೇಲಿಯಾ ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈಯಿಂದ ರೇಡಿಯೋದಲ್ಲಿ ಬರುತ್ತಿದ್ದ ಜಪಮಾಲೆಯ ಪ್ರಾರ್ಥನೆಯನ್ನು ಜೋರು ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ಕೂಗಿದಳು.

"ಸಾಕು ಬಿಡೋ, ಸತ್ತುಗಿತ್ತಾನು."

"ನೀನು ಸುಮ್ನಿರಮ್ಮ. ನಾಳೆಗೆ ಇವನಿಗೆ ಇದೆಲ್ಲ ನೆನಪಿರಲ್ಲ."

ಆ ಮನೆಯಲ್ಲಿ ನಾಲ್ಕು ವರ್ಷದಿಂದ ಎಲ್ಲದಕ್ಕೂ ಅದೇ ಮಾತು. ಬಟ್ಟೆಯಲ್ಲೇ ಒಂದಕ್ಕೆ ಹೋದರೆ ಏಟು, ಹಾಲಿನ ಕ್ಯಾನು ಉರುಳಿಸಿದರೆ ಏಟು, ಸುಮ್ಮನೆ ದಿಟ್ಟಿಸಿ ನೋಡಿದರೂ ಏಟು. ನಾಳೆಗೆ ನೆನಪಿರುವುದಿಲ್ಲವಲ್ಲ! ಮರೆಯುವವನನ್ನು ಹೊಡೆದರೆ ಪಾಪವೂ ಅಂಟುವುದಿಲ್ಲ ಎಂದು ಅವರಿಬ್ಬರೂ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಒಪ್ಪಿಕೊಂಡುಬಿಟ್ಟಿದ್ದರು. ಆನಾ ದೇಲಿಯಾ ಕೆಟ್ಟ ಹೆಂಗಸಲ್ಲ. ದಣಿದಿದ್ದಳು, ಅಷ್ಟೆ. ಆದರೆ ದಣಿದವರ ಮನೆಯ ಏಟೂ ಬೆನ್ನಿನ ಮೇಲೆ ಅಷ್ಟೇ ಉರಿಯುತ್ತದೆ.

ಮೆಡೆಲಿನ್‌ನಿಂದ ಮೂರು ಗಂಟೆ ಮೇಲಕ್ಕೆ ಹತ್ತಿದರೆ ಸಿಗುವ ಆ ಬೆಟ್ಟದ ಮೇಲೆ ಆ ಕಾಯಿಲೆಗೆ ಬೋಬೇರಾ ಎನ್ನುತ್ತಾರೆ, ಅಂದರೆ ಮಂಕು. ಡಾಕ್ಟರರು ಬೇರೆ ದೊಡ್ಡ ಹೆಸರು ಹೇಳುತ್ತಾರೆ. ಹೆಸರು ಯಾವುದಾದರೇನು, ನಲವತ್ತು ತುಂಬುವಷ್ಟರಲ್ಲಿ ಹಿಡಿಯುತ್ತದೆ, ಐವತ್ತು ದಾಟುವಷ್ಟರಲ್ಲಿ ಮುಗಿಸುತ್ತದೆ. ಆನಾ ದೇಲಿಯಾಳ ಗಂಡ ಎರಿಬೆರ್ತೋ ಐವತ್ತೊಂದಕ್ಕೆ ಹೋದ, ಅವನ ಅಪ್ಪ ಐವತ್ತಕ್ಕೆ. ಅವಳು ಕೆಳಗಿನ ಕಣಿವೆಯಿಂದ ಮದುವೆಯಾಗಿ ಬಂದವಳು, ಅವಳ ರಕ್ತದಲ್ಲಿ ಅದಿಲ್ಲ. ಆದ್ದರಿಂದ ಆ ಮನೆಯಲ್ಲಿ ಎಲ್ಲರೂ ಮರೆತದ್ದನ್ನೆಲ್ಲ ನೆನಪಿಟ್ಟುಕೊಂಡು ಕೂರುವ ಕೆಲಸ ಅವಳ ಪಾಲಿಗೆ ಬಂದಿತ್ತು. ಓವಿದಿಯೋಗೆ ಈಗ ನಲವತ್ತೇಳು. ಹೆಂಡತಿ ಬಿಟ್ಟುಹೋಗಿ ಮೂರು ವರ್ಷ. ವಿಲ್ಮಾರ್‌ಗೆ ಮೂವತ್ತೆಂಟು. ಹೋದ ಡಿಸೆಂಬರಿನಲ್ಲಿ ಹಾಲು ಹಾಕಿ ಬರುವಾಗ ಅವನು ಹುಟ್ಟಿದಾರಭ್ಯ ನಡೆದ ದಾರಿಯಲ್ಲಿ ಒಂದು ಗಂಟೆ ದಿಕ್ಕು ತಪ್ಪಿ ನಿಂತಿದ್ದ. ಯಾರಿಗೂ ಹೇಳಬೇಡ ಎಂದು ತಾಯಿಯ ಮುಂದೆ ಅತ್ತಿದ್ದ. ಅವನೊಬ್ಬನಾದರೂ ಉಳಿಯಬೇಕು ಎಂಬುದೊಂದೇ ಅವಳಿಗೆ ಬೇಕಾಗಿದ್ದದ್ದು.

ಅದೇ ಮಂಗಳವಾರ ಮಧ್ಯಾಹ್ನ ನರ್ಸ್ ಯಾಮಿಲೆಯ ಜೀಪು ಬಂತು. ಹದಿನೈದು ದಿನಕ್ಕೊಮ್ಮೆ ಅವಳು ಐಸ್ ಪೆಟ್ಟಿಗೆ ಹೊತ್ತು ಬರುತ್ತಿದ್ದಳು. ಜನವರಿಯಿಂದ ಊರಿನ ಇಪ್ಪತ್ತು ಮಂದಿಯ ಮೇಲೆ ಹೊಸ ಔಷಧಿಯ ಪರೀಕ್ಷೆ ನಡೆಯುತ್ತಿತ್ತು. ಹಾಲಿನಂಥ ಬಿಳಿ ದ್ರವ, ಪುಟ್ಟ ಸೀಸೆ, ಮುಚ್ಚಳದ ಮೇಲೆ ಒಂದು ಸಂಖ್ಯೆ. ವಿಲ್ಮಾರ್‌ದು ಹದಿನಾಲ್ಕು, ಓವಿದಿಯೋದು ಹದಿನೈದು. ದಿನಾ ಬೆಳಿಗ್ಗೆ ಮಂಚದ ಅಂಚಿನಿಂದ ತಲೆ ಕೆಳಗೆ ಇಳಿಬಿಟ್ಟು ಮಲಗಬೇಕು, ಒಂದೊಂದು ಹೊಳ್ಳೆಗೆ ಮೂರು ಹನಿ.

ಮೊದಲ ದಿನವೇ ಯಾಮಿಲೆ ಬಿಡಿಸಿ ಹೇಳಿದ್ದಳು. "ದೊನ್ಯಾ ಆನಾ, ಮಿದುಳಿಗೆ ಒಂದು ಕಾವಲಿದೆ. ರಕ್ತದಲ್ಲಿ ಹೋದ ಔಷಧೀನ ಅದು ಒಳಗೆ ಬಿಡಲ್ಲ. ಅದಕ್ಕೆ ಔಷಧೀನ ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಯೊಳಗೆ ಇಟ್ಟಿದಾರೆ. ಎಷ್ಟು ಸಣ್ಣ ಅಂದ್ರೆ, ಒಂದು ಕೂದಲನ್ನ ಸಾವಿರ ಸೀಳು ಮಾಡಿದ್ರೆ ಒಂದು ಸೀಳಿನಷ್ಟು. ಮೂಗಿನ ಹಿಂದಿನ ದಾರಿಯಿಂದ ಕಾವಲಿನವನಿಗೆ ಗೊತ್ತಾಗದ ಹಾಗೆ ಒಳಗೆ ಹೋಗುತ್ತೆ."

"ಕಳ್ಳಸಾಗಣೆ ಅನ್ನು," ಎಂದಿದ್ದಳು ಆನಾ ದೇಲಿಯಾ. "ಕೊಕೇನು ಸಾಗಿಸೋ ನಮ್ಮ ದೇಶದವರಿಗೆ ಅದನ್ನ ಹೇಳಿಕೊಡಬೇಕಾ ಮಗಳೇ?"

ಯಾಮಿಲೆ ನಕ್ಕು, ಆಮೇಲೆ ನಗು ನಿಲ್ಲಿಸಿ ಹೇಳಿದ್ದಳು. "ಆದ್ರೆ ಅರ್ಧ ಜನಕ್ಕೆ ಮಾತ್ರ ಔಷಧಿ. ಇನ್ನರ್ಧ ಜನಕ್ಕೆ ಬರೀ ಖಾಲಿ ಗುಳ್ಳೆ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹಾಗಿದ್ರೇನೇ ಸತ್ಯ ಗೊತ್ತಾಗೋದು. ಒಬ್ಬರ ಸೀಸೆ ಇನ್ನೊಬ್ಬರಿಗೆ ಮುಟ್ಟಿಸಬೇಡಿ. ಮುಟ್ಟಿಸಿದ್ದು ತಿಳಿದ್ರೆ ಇಬ್ಬರನ್ನೂ ತೆಗೆದುಹಾಕ್ತಾರೆ."

ಡಾಕ್ಟರಿಗೆ ಗೊತ್ತಿಲ್ಲದ್ದು ಊರಿಗೆಲ್ಲ ಗೊತ್ತಿತ್ತು. ಹಾಲಿನ ಡೇರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತವರಿಗೆ ಬೇರೆ ಮಾತೇ ಇರಲಿಲ್ಲ. ಯಾರ ಮನೆಗೆ ಔಷಧಿ, ಯಾರ ಮನೆಗೆ ನೀರು ಎಂದು ಲೆಕ್ಕ ಹಾಕುತ್ತಿದ್ದರು. ನೆರೆಯ ದೊನ್ ಆರ್ಸೇಸಿಯೋ ಮುಖಕ್ಕೆ ಹೊಡೆದಂತೆ ಹೇಳಿದ್ದ. "ನಿನ್ನ ದೊಡ್ಡವನ ಮೂಗಿಗೆ ಬರೀ ನೀರು ಬಿಡ್ತಿದಾರೆ ಆನಾ. ಚಿಕ್ಕವನಿಗೆ ನಿಜವಾದ್ದು. ಡಿಸೆಂಬರಿನಲ್ಲಿ ದಾರಿ ಗೊತ್ತಾಗದೆ ನಿಂತಿದ್ದನ್ನ ನಾನೇ ನೋಡಿದ್ದೆ. ಜನವರಿಯಿಂದ ಒಂದು ದಿನ ದಾರಿ ತಪ್ಪಿದಾನಾ? ನಿನಗೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ." ಎಲ್ಲ ಗುಟ್ಟೂ ತನ್ನ ಹತ್ತಿರ ಇದೆ ಎಂದುಕೊಂಡಿರುವ ಈ ಮನುಷ್ಯ ಈ ಸಲ ಸರಿಯಾಗಿಯೇ ಹೇಳಿದ್ದ. ಅದು ಅವಳಿಗೂ ಗೊತ್ತಿತ್ತು.

ಆ ಮಂಗಳವಾರ ಯಾಮಿಲೆ ಅವಳ ಕೈಗೆ ಪಟ್ಟಿ ಕಟ್ಟಿ, ಹಲಗೆ ಇಟ್ಟು ಬಿಗಿದಳು. ಆಮೇಲೆ ಓವಿದಿಯೋನ ಅಂಗಿ ಎತ್ತಿ ನೋಡಿ, "ಇದೇನು ಬೆನ್ನು?" ಎಂದಳು.

"ಮುಳ್ಳುತಂತಿ ದಾಟೋಕೆ ಹೋಗಿ ಗೀರಿಸಿಕೊಂಡ."

"ಇಷ್ಟು ಉದ್ದುದ್ದ?"

"ಬೇಲೀನೂ ಉದ್ದಾನೇ ಇದೆ ಮಗಳೇ," ಎಂದಳು ಆನಾ ದೇಲಿಯಾ. ನರ್ಸ್ ಅವಳ ಮುಖ ನೋಡಿದಳು, ಕಾಗದದಲ್ಲಿ ಏನೋ ಬರೆದಳು.

ಮಾರನೆಯ ಬೆಳಿಗ್ಗೆ ಓವಿದಿಯೋ ತಾಯಿಯ ಕೈಯ ಪಟ್ಟಿಯನ್ನು ಮುಟ್ಟಿ, "ಯಾರು ಹೊಡೆದ್ರು ನಿಂಗೆ? ಹೇಳು, ಕೊಂದುಹಾಕ್ತೀನಿ," ಎಂದ. ಅವನ ತುಟಿ ಒಡೆದಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಆನಾ ದೇಲಿಯಾ ಆ ತುಟಿಯ ರಕ್ತವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಇವನನ್ನೂ ಒಂಬತ್ತು ತಿಂಗಳು ಹೊತ್ತಿದ್ದು ಇದೇ ಹೊಟ್ಟೆ. ಬಡತನದ ದಿನಗಳಲ್ಲಿ ಒಂದು ಮೊಟ್ಟೆ ಇದ್ದರೆ ಅವಳು ದಾರದಿಂದ ಕೊಯ್ದು ಇಬ್ಬರಿಗೂ ಕೊಡುತ್ತಿದ್ದಳು. ಹೆತ್ತವಳಿಗೆ ತಿಳಿದಿರುವ ಲೆಕ್ಕ ಅದೊಂದೇ. ಹದಿನಾಲ್ಕು ಒಬ್ಬನಿಗೆ, ಹದಿನೈದು ಒಬ್ಬನಿಗೆ ಎಂದು ಮೆಡೆಲಿನ್‌ನಲ್ಲಿ ಕೂತು ಬರೆದವರು ಯಾರೂ ಮಕ್ಕಳಿಗೆ ಮೊಟ್ಟೆ ಕೊಯ್ದು ಕೊಟ್ಟವರಲ್ಲ.

ಕರುಗಳಿಗೆ ಔಷಧಿ ಕುಡಿಸುವ ಸಿರಿಂಜನ್ನು ಕುದಿಯುವ ನೀರಿಗೆ ಹಾಕಿ ತೆಗೆದಳು. ಎಡಗೈಯಲ್ಲಿ, ಚೆಲ್ಲದಂತೆ ಉಸಿರು ಹಿಡಿದು, ಎರಡೂ ಸೀಸೆಗಳನ್ನು ಕಾಫಿ ಲೋಟಕ್ಕೆ ಎಳೆದು ಬೆರೆಸಿ, ಮತ್ತೆ ಎರಡಕ್ಕೂ ಸಮನಾಗಿ ತುಂಬಿದಳು. ವಿಲ್ಮಾರ್‌ಗೆ ಹೇಳಲಿಲ್ಲ. ಹೇಳಿದ್ದರೆ ಅವನು ಬೇಡ ಎನ್ನುತ್ತಿದ್ದ. ಮುಂದೆ ಹದಿನೈದು ದಿನಕ್ಕೊಮ್ಮೆ ಹೊಸ ಸೀಸೆ ಬಂದಾಗಲೆಲ್ಲ, ಜೀಪು ತಿರುವು ದಾಟಿದ ಮೇಲೆ, ಅವಳು ಮಾಡಿದ ಮೊದಲ ಕೆಲಸ ಅದೇ.

ಏಳನೆಯ ವಾರ ಓವಿದಿಯೋ ಲೋಟ ಕೆಳಗಿಟ್ಟು, "ಅಮ್ಮಾ, ಕಾಫಿ ಸಪ್ಪೆ," ಎಂದ.

ಅವಳ ಮುಖ ನೋಡಿ ಅಮ್ಮಾ ಎನ್ನುವುದನ್ನೇ ಕಾಯಿಲೆ ಆರು ವರ್ಷದ ಹಿಂದೆ ಅವನಿಂದ ಮೊದಲು ಕಿತ್ತುಕೊಂಡಿತ್ತು. ಆನಾ ದೇಲಿಯಾ ಅವನ ತಲೆಯನ್ನು ಎದೆಗೊತ್ತಿಕೊಂಡು ಗೋಳೋ ಎಂದು ಅತ್ತಳು. ಆಮೇಲೆ ಒಂದೊಂದಾಗಿ ಬರತೊಡಗಿದವು. ಹಸುಗಳ ಹೆಸರು ಬಂತು. ಬೆಲ್ಟು ಹಾಕಿಕೊಳ್ಳುವುದು ಬಂತು. ಬಿಟ್ಟುಹೋದ ಹೆಂಡತಿಯ ಹೆಸರು ಬಂತು, ಅದರ ಹಿಂದೆಯೇ ಒಂದು ಬೈಗುಳವೂ ಬಂತು. ಆದರೆ ಅವನು ಮೊದಲಿನ ಓವಿದಿಯೋ ಆಗಿರಲಿಲ್ಲ. ಜಾಸ್ತಿ ಮಾತಾಡುತ್ತಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಕೂತು ತಮ್ಮನನ್ನು ನೋಡುತ್ತಿದ್ದ.

ಅತ್ತ ವಿಲ್ಮಾರ್ ಇಳಿಯತೊಡಗಿದ. ಕರೆದ ಹಸುವನ್ನೇ ಮತ್ತೆ ಕರೆಯಲು ಕೂತು ಒದೆಸಿಕೊಂಡ. ಕಾಫಿಗೆ ಉಪ್ಪು ಹಾಕಿದ. ಒಂದು ದಿನ ಮೊಲೆಗೆ ಬಾಯಿ ಹಾಕಿದ ಕರುವಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದು, ಚಾವಟಿಯ ಹಿಡಿಯಿಂದ ಅದರ ಕಾಲು ಮುರಿಯುವ ತನಕ ಬಡಿದ. ಕರು ಒದ್ದಾಡುತ್ತಿದ್ದರೆ ಕೈಯಲ್ಲಿದ್ದ ಚಾವಟಿ ನೋಡಿಕೊಂಡು, "ಯಾರಮ್ಮ ಹೊಡೆದಿದ್ದು ಇದನ್ನ?" ಎಂದು ಕೇಳಿದ. ಓವಿದಿಯೋ ಎದ್ದು ಬಂದು ಚಾವಟಿಯನ್ನು ಅವನ ಕೈಯಿಂದ ಕಿತ್ತುಕೊಂಡ. ಮಚ್ಚಿನಿಂದ ಅದನ್ನು ಬೆರಳುದ್ದದ ತುಂಡು ತುಂಡು ಮಾಡಿ ಒಲೆಗೆ ಹಾಕಿದ. ಸುಟ್ಟ ಚರ್ಮದ ವಾಸನೆ ಎರಡು ದಿನ ಅಡುಗೆಮನೆ ಬಿಟ್ಟು ಹೋಗಲಿಲ್ಲ. ಕರುವಿನ ಕುತ್ತಿಗೆ ಕಡಿದು ಕೊಂದವನೂ ಓವಿದಿಯೋನೇ, ಒಂದೇ ಏಟಿಗೆ.

ಯಾವುದು ನಿಜವಾದ ಸೀಸೆ ಎಂಬ ಅನುಮಾನ ಆನಾ ದೇಲಿಯಾಗೆ ಇನ್ನು ಉಳಿದಿರಲಿಲ್ಲ. ಅರ್ಧ ಸಿಕ್ಕವನು ಏಳುತ್ತಿದ್ದ, ಅರ್ಧ ಕಳೆದುಕೊಂಡವನು ಬೀಳುತ್ತಿದ್ದ. ನಿಲ್ಲಿಸಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುವಳು. ಆದರೆ ಯಾರ ಮೂಗಿನಿಂದ ಕಿತ್ತುಕೊಳ್ಳುವುದು? ಆರು ವರ್ಷದ ಮೇಲೆ ಅಮ್ಮಾ ಎಂದವನನ್ನು ಮತ್ತೆ ಆ ಗುಂಡಿಗೆ ತಳ್ಳುವುದೇ? ಉಳಿಯಲೇಬೇಕಾಗಿದ್ದವನನ್ನು ಕಣ್ಣೆದುರೇ ಮುಳುಗಲು ಬಿಡುವುದೇ? ಮತ್ತೆ ಸಮನಾಗಿಯೇ ಸುರಿಯುತ್ತಿದ್ದಳು.

ಅಕ್ಟೋಬರಿನ ಒಂದು ಭಾನುವಾರ, ಬೆಳಗಿನ ಹಾಲು ಕರೆದು ಮುಗಿದಿತ್ತು. ಪೂಜೆಗೆ ಇಗರ್ಜಿಗೆ ಹೋಗಲು ಆನಾ ದೇಲಿಯಾ ಕಪ್ಪು ಶಾಲು ಹೊದ್ದು ಹೊರಗೆ ಬಂದರೆ ಕೊಟ್ಟಿಗೆಯಿಂದ ವಿಲ್ಮಾರ್‌ನ ಕೂಗು ಕೇಳಿಸಿತು. ಓಡಿದಳು. ಓವಿದಿಯೋ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ, ಕೈಯಲ್ಲಿ ಮಚ್ಚು. ವಿಲ್ಮಾರ್ ಸಗಣಿಯ ಮೇಲೆ ಅಂಗಾತ ಬಿದ್ದಿದ್ದ, ಮೂಗು ಒಡೆದು ರಕ್ತ ಬಾಯಿಗೆ ಇಳಿಯುತ್ತಿತ್ತು.

"ಅಲ್ಲೇ ನಿಂತ್ಕೋ ಅಮ್ಮ," ಎಂದ ಓವಿದಿಯೋ ತಿರುಗದೆ. "ಇವನ ಹತ್ರ ಮಾತಾಡೋದಿದೆ."

"ಮಚ್ಚು ಕೆಳಗಿಡೋ!"

"ಗೂಟಕ್ಕೆ ಕಟ್ಟಿದ್ದೆಯಲ್ಲೋ ನನ್ನ," ಎಂದು ಅವನು ತಮ್ಮನ ಪಕ್ಕೆಗೆ ಒದ್ದ. "ಆಲಿಕಲ್ಲು ಬಿದ್ದ ದಿನ. ಅಂಗಿ ಬಿಚ್ಚಿ ಕಟ್ಟಿದ್ದೆ. ಚಾವಟೀನ ನೀರಲ್ಲಿ ನೆನೆಸಿಕೊಂಡು ಬಂದಿದ್ದೆ, ಜಾಸ್ತಿ ಉರೀಲಿ ಅಂತ. ಹೌದಾ ಅಲ್ವಾ?"

"ನಾನಾ? ಅಣ್ಣಾ, ನಾನು ಯಾವತ್ತು..."

ಮಚ್ಚಿನ ಬೆನ್ನು ಅವನ ದವಡೆಗೆ ಬಿತ್ತು. ಹಲ್ಲೊಂದು ಹೊರಗೆ ಬಂತು. ಕಟ್ಟಿದ್ದ ಹಸುಗಳು ಹೆದರಿ ಹಗ್ಗ ಜಗ್ಗತೊಡಗಿದವು.

"ಉಚ್ಚೆ ಹೊಯ್ಕೊಂಡೆ ಅಂತ ಅದೇ ಬಟ್ಟೆ ನನ್ನ ಬಾಯಿಗೆ ತುರುಕಿದ್ದೆ. ಹೌದಾ ಅಲ್ವಾ?"

"ದೇವರಾಣೆ ಅಣ್ಣಾ, ನಂಗೆ ಗೊತ್ತಿಲ್ಲ!"

"ಸುಳ್ಳು ಹೇಳಬೇಡ ನಾಯಿ!"

ಅವನು ಸುಳ್ಳು ಹೇಳುತ್ತಿರಲಿಲ್ಲ. ಆನಾ ದೇಲಿಯಾ ಅವನ ಕಣ್ಣು ನೋಡಿದಳು. ಅಲ್ಲಿ ಕಳ್ಳತನ ಇರಲಿಲ್ಲ, ಬರೀ ಹೆದರಿಕೆ ಇತ್ತು. ಹೊಡೆದವನಿಗೆ ಹೊಡೆದದ್ದು ಮರೆತುಹೋಗಿತ್ತು. ಹೊಡೆಸಿಕೊಂಡವನಿಗೆ ಒಂದೊಂದು ಏಟೂ ತಿರುಗಿ ಬಂದಿತ್ತು. ಇವನ ತಲೆಯಿಂದ ತೆಗೆದು ಅವನ ತಲೆಗೆ ಸುರಿದವಳು ತಾನೇ.

ಮಚ್ಚು ಈ ಸಲ ಅಲಗಿನ ಕಡೆಯಿಂದ ಬಂತು. ವಿಲ್ಮಾರ್ ಮುಖಕ್ಕೆ ಎಡಗೈ ಅಡ್ಡ ಹಿಡಿದ. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಸಗಣಿಗೆ ಬಿದ್ದವು. ಆನಾ ದೇಲಿಯಾ ಶಾಲು ಎಸೆದು ನಡುವೆ ನುಗ್ಗಿ, ಕಿರಿಯವನ ಮೇಲೆ ಬೋರಲು ಬಿದ್ದಳು.

"ಕಡಿ! ನನ್ನ ಮೊದಲು ಕಡಿ!"

"ಏಳಮ್ಮ."

"ಏಳಲ್ಲ!"

"ಹಾಗಾದ್ರೆ ನೀನೇ ಸಾಕ್ಷಿ ಹೇಳು. ಇವನು ನನಗೆ ಹೊಡೀತಿದ್ನಾ ಇಲ್ವಾ?"

ಅವಳು ಬಾಯಿ ತೆರೆದಳು. ಇಲ್ಲ ಎಂದರೆ ಓವಿದಿಯೋ ತನ್ನ ತಲೆಯೇ ಇನ್ನೂ ಸರಿಯಾಗಿಲ್ಲ ಎಂದುಕೊಳ್ಳುತ್ತಿದ್ದ, ಮಚ್ಚು ಬಿಸಾಡುತ್ತಿದ್ದ. ಆ ಮಾತು ಅವಳ ನಾಲಿಗೆಯ ತುದಿಗೂ ಬಂತು. ಆದರೆ ಮೇಲಿನಿಂದ ತನ್ನನ್ನೇ ನೋಡುತ್ತಿದ್ದ ಆ ಮುಖ ಆರು ವರ್ಷದ ಮೇಲೆ ವಾಪಸು ಬಂದ ಮಗನ ಮುಖ. ಆ ಮುಖಕ್ಕೆ ಇಲ್ಲ ಎನ್ನಲು ಆಗಲಿಲ್ಲ.

"ಹೊಡೀತಿದ್ದ," ಎಂದಳು. "ನಾಲ್ಕು ವರ್ಷ ಹೊಡೆದ. ನಾನು ಬಿಡಿಸಲಿಲ್ಲ."

"ನೀನು ರೇಡಿಯೋ ಜೋರು ಮಾಡ್ತಿದ್ದೆ," ಎಂದ ಓವಿದಿಯೋ. ಕೂಗಲಿಲ್ಲ, ಮೆತ್ತಗೇ ಹೇಳಿದ. "ಜಪಮಾಲೆ ಅಷ್ಟೂ ನನಗೆ ಬಾಯಿಪಾಠ ಆಗಿದೆ ಅಮ್ಮ. ಯಾವ ಮಣಿಗೆ ಎಷ್ಟು ಏಟು ಬೀಳ್ತಿತ್ತು ಅಂತಾನೂ ಗೊತ್ತು."

ಅದಕ್ಕಿಂತ ಮಚ್ಚಿನ ಏಟು ಸುಲಭವಿತ್ತು. ಅವಳು ಕಣ್ಣು ಮುಚ್ಚಿ ಕಾದಳು. ಅಷ್ಟರಲ್ಲಿ ಅವಳ ಅಡಿಯಿಂದ ವಿಲ್ಮಾರ್ ತಲೆ ಎತ್ತಿ, ರಕ್ತ ಚಿಮ್ಮುತ್ತಿದ್ದ ಕೈಯನ್ನು ಮುಖದ ಮುಂದೆ ತಂದುಕೊಂಡು ನೋಡಿದ. ಅಣ್ಣನ ಕಡೆ ತಿರುಗಿದ.

"ಅಣ್ಣಾ, ಯಾವ ಹಸು ಒದೀತೋ ನಂಗೆ?"

ಓವಿದಿಯೋನ ಮಚ್ಚು ಎತ್ತಿದ ಹಾಗೇ ನಿಂತಿತು. ಅವನು ತಮ್ಮನನ್ನು ನೋಡಿದ, ಬಹಳ ಹೊತ್ತು ನೋಡಿದ. ಆಮೇಲೆ ನಗತೊಡಗಿದ. ಅಂಥ ನಗುವನ್ನು ಆನಾ ದೇಲಿಯಾ ಜನ್ಮದಲ್ಲಿ ಕೇಳಿರಲಿಲ್ಲ. ನಗು ನಿಂತಾಗ ಅವನು ಮಚ್ಚನ್ನು ಗೊಬ್ಬರದ ಗುಂಡಿಗೆ ಎಸೆದು, ತನ್ನ ಅಂಗಿ ಹರಿದು ತಮ್ಮನ ಕೈಗೆ ಬಿಗಿಯಾಗಿ ಕಟ್ಟಿದ.

"ಇವನನ್ನ ಕಡಿದು ಏನು ಮಾಡ್ಲಿ? ನಾಳೆಗೆ ಇವನಿಗೆ ನೆನಪಿರಲ್ಲ," ಎಂದ.

ಊರಿನ ಆರೋಗ್ಯ ಕೇಂದ್ರದಲ್ಲಿ ಕೈ ಹೊಲಿದರು. ಮೇವು ಕತ್ತರಿಸುವ ಯಂತ್ರ ಎಂದು ಆನಾ ದೇಲಿಯಾ ಹೇಳಿದಳು. ಮಂಗಳವಾರ ಬಂದ ಯಾಮಿಲೆಗೂ ಅದನ್ನೇ ಹೇಳಿದಳು. ನರ್ಸ್ ಹೊಸ ಸೀಸೆ ಇಟ್ಟು ಹೋದಳು. ಜೀಪು ತಿರುವು ದಾಟಿದ ಮೇಲೆ ಆನಾ ದೇಲಿಯಾ ಅಭ್ಯಾಸಬಲದಿಂದ ಲೋಟ ತೆಗೆದಳು. ಬಾಗಿಲಲ್ಲಿ ಓವಿದಿಯೋ ನಿಂತಿದ್ದ.

"ಗೊತ್ತು ನಂಗೆ ನೀನು ಏನು ಮಾಡ್ತಿದೀಯ ಅಂತ. ನಿನ್ನ ಕೈ ಮುರಿದ ಮಾರನೇ ದಿನದಿಂದ. ನಾನು ಇಲ್ಲೇ ಕೂತು ನೋಡಿದ್ದೆಲ್ಲ ಈಗ ನೆನಪಿಗೆ ಬಂದಿದೆ."

ಅವಳು ಲೋಟ ಕೆಳಗಿಟ್ಟಳು. "ನಿಮ್ಮಿಬ್ರಿಗೂ ಸಮ ಇರಲಿ ಅಂತ ಮಗಾ."

"ಬೇಡ. ಹದಿನಾಲ್ಕು ಪೂರ್ತಿ ಅವನಿಗೇ ಹಾಕು."

"ಹಾಕಿದ್ರೆ ನೀನು ಮತ್ತೆ ಹೋಗಿಬಿಡ್ತೀಯ. ನನ್ನ ಮುಖಾನೂ ಗೊತ್ತಾಗಲ್ಲ ನಿಂಗೆ."

"ಹೋಗ್ತೀನಿ. ನಾನು ಹೊತ್ತಿದ್ದು ಸಾಕು. ಅವನು ಬರಲಿ. ಬಂದು ಒಂದೊಂದೇ ನೆನಪು ಮಾಡ್ಕೊಳ್ಳಲಿ. ಕಡಿದ್ರೆ ಬೆರಳು ಹೋಯ್ತು, ಅಷ್ಟೇ. ಇದು ಅವನನ್ನ ಸಾಯೋ ತನಕ ಬಿಡಲ್ಲ."

ಮಗ ತಮ್ಮನಿಗೆ ಜೀವ ಕೊಡುತ್ತಿದ್ದಾನೋ, ಜೀವ ತೆಗೆಯುತ್ತಿದ್ದಾನೋ ಎಂದು ಆ ತಾಯಿಗೆ ತಿಳಿಯಲಿಲ್ಲ. ಅವಳು ಹತ್ತು ತಿಂಗಳಿಂದ ದೇವರಲ್ಲಿ ಬೇಡಿದ್ದು ವಿಲ್ಮಾರ್ ಉಳಿಯಲಿ ಎಂದು. ಅದು ಈಗ ಹೀಗೆ ಕೈಗೆ ಬಂದಿತ್ತು, ಬೇಡ ಎನ್ನುವ ಶಕ್ತಿ ಅವಳಿಗಿರಲಿಲ್ಲ.

ಮಾರನೆಯ ಬೆಳಿಗ್ಗೆ ವಿಲ್ಮಾರ್ ಮಂಚದ ಮೇಲೆ ತಲೆ ಇಳಿಬಿಟ್ಟು ಮಲಗಿದ. ಹೊಡೆತಕ್ಕೆ ದವಡೆ ಇನ್ನೂ ಊದಿತ್ತು. ಓವಿದಿಯೋ ನೆಲದ ಮೇಲೆ ಕೂತು ತಮ್ಮನ ತಲೆಯನ್ನು ಎರಡೂ ಅಂಗೈಯಲ್ಲಿ, ನೋವಾಗದ ಹಾಗೆ, ಹಿಡಿದುಕೊಂಡ.

"ನಿಂದು ಆಯ್ತಾ ಅಣ್ಣಾ?" ಎಂದು ವಿಲ್ಮಾರ್ ಕೇಳಿದ.

"ಆಯ್ತು. ನೀನು ಅಲ್ಲಾಡಬೇಡ."

ಆಮೇಲೆ ಅವನು ತಾಯಿಯ ಕಡೆ ನೋಡಿ, "ಇವನಿಗೆ ನೆನಪಾಗಿ ನನ್ನ ಕಾಲು ಹಿಡಿಯೋಕೆ ಬಂದಾಗ ಇವನ್ಯಾರು ಅಂತ ನಂಗೆ ಗೊತ್ತಿರಲ್ಲ. ನೀನು ಹತ್ರ ಇರು," ಎಂದ.

ಆನಾ ದೇಲಿಯಾ ಹದಿನಾಲ್ಕನೆಯ ಸೀಸೆಯ ಮುಚ್ಚಳ ತಿರುಗಿಸಿದಳು. ಮುರಿದು ಕೂಡಿದ್ದ ಬಲಗೈಯಿಂದಲೇ ಹನಿ ಬಿಟ್ಟಳು, ಈ ಹೊಳ್ಳೆಗೆ ಮೂರು, ಆ ಹೊಳ್ಳೆಗೆ ಮೂರು. ಒಂದು ಹನಿಯೂ ಹೊರಗೆ ಬೀಳಲಿಲ್ಲ.